ಒಳಗೆ ಬಿಡದ ನೀರು (ಏಳನೆಯ ಕಂತು)

"ಇದು ತಲೆಕೆಳಗಾಗಿದೆ," ಎಂದಳು ನಿಧಾನಿ.

"ಯಾವುದು ಮೇಡಂ? ನಮ್ಮ ಇಲಾಖೆನಾ?"

"ಹಲಗೆ ರೀ, ಹಲಗೆ. ಇಲ್ಲಿ ಬಗ್ಗಿ ನೋಡಿ."

ಹಳೇ ಹೆರಿಗೆ ಆಸ್ಪತ್ರೆಯ ಪೂರ್ವದ ಬಾಗಿಲಲ್ಲಿ, ಕೆಸರಿನ ಮೇಲೆ ಹಾಸಿದ ಗೋಣಿಚೀಲದ ಮೇಲೆ, ಇನ್‌ಸ್ಪೆಕ್ಟರ್ ನಿಧಾನಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತಾಗಿತ್ತು. ಹಿಂದೆ ಕೊಡೆ ಹಿಡಿದು ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದದ್ದೇ ಒಂದು ಪವಾಡ. ಅವನನ್ನು ಠಾಣೆಯವರು ರೇಡಿಯೋ ಎಂದು ಸುಮ್ಮನೆ ಕರೆಯುತ್ತಿರಲಿಲ್ಲ.

ರೇಡಿಯೋ ಬಗ್ಗಿದ. ಮಂಡಿ ಲಟಕ್ಕೆಂದಿತು.

"ಹಲಗೆಯ ಒಂದು ಅಂಚಿಗೆ ರಬ್ಬರ್ ಪಟ್ಟಿ ಇದೆ, ಕಾಣ್ತಾ? ಅದು ಕೆಳಗೆ ಬರಬೇಕು. ಹೊಸ್ತಿಲಿಗೆ ಒತ್ತಿ ಕೂರಬೇಕು. ಇಲ್ಲಿ ಪಟ್ಟಿ ಮೇಲೆ ಬಂದಿದೆ. ಈ ಹಲಗೆನ ದಿನಾ ಮುಟ್ಟೋ ಮನುಷ್ಯ ಹಾಕಿದ್ದಲ್ಲ ಇದು."

"ಅಂದ್ರೆ ಬೀಗದ ಮಾಮ ಹಾಕಿದ್ದಲ್ಲ."

"ಮಾಮ ಕಣ್ಣು ಮುಚ್ಚಿಕೊಂಡು ಹಾಕಿದ್ರೂ ಸರಿಯಾಗೇ ಹಾಕ್ತಿದ್ರು."

ಬೀಗದ ಮಾಮ ಈ ಕಟ್ಟಡದ ಕಾವಲುಗಾರ. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು ಕಟ್ಟಿಕೊಂಡು ಓಡಾಡುತ್ತಿದ್ದವನು. ಪ್ರವಾಹದ ಮಧ್ಯಾಹ್ನ ನಗರಸಭೆಗೆ ಫೋನು ಮಾಡಿ "ಹಲಗೆ ತೆಗೆದೆ" ಎಂದಿದ್ದ. ಮರುದಿನ ಬೆಳಿಗ್ಗೆ ನೋಡಿದರೆ ಹಲಗೆಗಳು ಬಾಗಿಲಲ್ಲೇ ಇದ್ದವು, ಮಾಮ ಹಿಂದಿನ ವಾರ್ಡಿನ ಬಿದ್ದ ಗೋಡೆಯ ಅಡಿಯಲ್ಲಿದ್ದ. ಕಳೆದ ವಾರ ನಾವು ನಿಂತದ್ದು ಅಲ್ಲಿಗೆ.

ಹಲಗೆ ಎಂದರೆ ಮರದ್ದಲ್ಲ, ಒಳಗೆ ಟೊಳ್ಳಾದ ಹಗುರ ಅಲ್ಯುಮಿನಿಯಂ. ಬಾಗಿಲ ಚೌಕಟ್ಟಿನ ಎರಡೂ ಕಡೆ ಕಬ್ಬಿಣದ ಪಟ್ಟಿ ಕೂರಿಸಿದ್ದಾರೆ. ಅದರ ಸಂದಿಯಲ್ಲಿ ಮೇಲಿನಿಂದ ಒಂದರ ಮೇಲೊಂದು ಹಲಗೆ ಇಳಿಸಿ, ಹೊರಗಡೆಯಿಂದ ಬೆಣೆ ಬಡಿದರೆ ಬಾಗಿಲು ಎದೆಮಟ್ಟದವರೆಗೆ ಮುಚ್ಚಿಹೋಗುತ್ತದೆ. ಒಳಗಿದ್ದವನು ಎಷ್ಟು ಒದ್ದರೂ ಅದು ಅಲ್ಲಾಡುವುದಿಲ್ಲ.

ಈ ಊರಿನ ಮಳೆಗೆ ಈಚೆಗೆ ತಲೆ ಕೆಟ್ಟಿದೆ. ಮೊದಲು ವಾರವಿಡೀ ಜಿನುಗಿ ಜಿನುಗಿ ಬೇಸರ ಹಿಡಿಸುತ್ತಿದ್ದ ಮಳೆ ಈಗ ಒಂದೇ ಮಧ್ಯಾಹ್ನ ಎತ್ತಿ ಸುರಿದು ಹೋಗುತ್ತದೆ, ಮುಂದಿನ ವರ್ಷ ಇನ್ನೂ ಹೆಚ್ಚು. ಆಸ್ಪತ್ರೆಯ ಸುತ್ತ ಚರಂಡಿ ಕಟ್ಟಿದ ಹಿರಿಯರು ಬುದ್ಧಿವಂತರೇ. ಆದರೆ ಅವರು ಕಟ್ಟಿದ್ದು ಅವರ ಕಾಲದ ಮಳೆಗೆ. ಹೀಗಾಗಿ ಹಳೇ ಕಟ್ಟಡಗಳನ್ನು ಉಳಿಸಲು ನಗರಸಭೆ ಒಬ್ಬ ಇಂಜಿನಿಯರನ್ನು ನೇಮಿಸಿತು. ಈ ಹಲಗೆಗಳು ಅವನ ತಲೆಯಿಂದ ಬಂದವು.

ಅವನ ತಲೆಯಿಂದ ಇನ್ನೊಂದು ನಿಯಮವೂ ಬಂದಿತ್ತು. ಅದನ್ನು ಮೊದಲ ಸಲ ಕೇಳಿದಾಗ ನಿಧಾನಿಗೆ ನಗು ಬಂದಿತ್ತು. ಹೊರಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಒಂದು ಕೆಂಪು ಗೆರೆ. ನೀರು ಆ ಗೆರೆ ಮುಟ್ಟುವವರೆಗೆ ಹಲಗೆ ಹಾಕಿ ತಡೆಯಬೇಕು. ಗೆರೆ ಮುಟ್ಟಿತೋ, ಹಲಗೆ ಕಿತ್ತು ನೀರನ್ನು ಒಳಗೆ ಬಿಡಬೇಕು, ಒಳಬಾಗಿಲುಗಳನ್ನೆಲ್ಲ ತೆರೆದು ಎಲ್ಲ ಕೋಣೆಗೂ ಸಮನಾಗಿ ಹರಿಯಲು ಬಿಡಬೇಕು. ಹೊರಗೆ ಎದೆಮಟ್ಟ ನೀರು, ಒಳಗೆ ಒಣ ನೆಲ ಎಂದಾದರೆ ಸುಣ್ಣದ ಗಾರೆಯ ಮುದಿ ಗೋಡೆ ಆ ಭಾರ ತಡೆಯದೆ ಒಳಕ್ಕೆ ಕುಸಿಯುತ್ತದೆ. ಎರಡೂ ಕಡೆ ಸಮ ನೀರಿದ್ದರೆ ನಿಲ್ಲುತ್ತದೆ. "ನೆಂದ ಮನೆ ಒಣಗುತ್ತೆ ಮೇಡಂ, ಬಿದ್ದ ಮನೆ ಏಳಲ್ಲ" ಎಂದು ಇಂಜಿನಿಯರು ಅವಳಿಗೆ ಬಿಡಿಸಿ ಹೇಳಿದ್ದ.

ಪ್ರವಾಹದ ದಿನದವರೆಗೆ ಈ ನಿಯಮ ಊರಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ: ಮಾಡಿದ ಇಂಜಿನಿಯರಿಗೆ, ಕಲಿತ ಬೀಗದ ಮಾಮನಿಗೆ. ಉಳಿದವರ ಕಣ್ಣಿಗೆ ಹಲಗೆ ಇದ್ದದ್ದು ನೀರು ತಡೆಯಲು. ಮಳೆ ಸುರಿಯುವಾಗ ತೆಗೆದಿಟ್ಟ ಹಲಗೆ ಕಂಡರೆ ಯಾರೇ ಆಗಲಿ, ಅಯ್ಯೋ ಮರೆತಿದ್ದಾರೆ ಎಂದು ಹಾಕುತ್ತಾರೆ. ಪುಣ್ಯದ ಕೆಲಸ ಅಂದುಕೊಂಡೇ ಹಾಕುತ್ತಾರೆ.

ನಿಧಾನಿಯ ಎದೆ ಭಾರವಾದದ್ದು ಇದಕ್ಕೇ. ಕೊಂದವನನ್ನು ಹುಡುಕುವುದು ಅವಳ ಕಸುಬು. ಒಳ್ಳೆಯದು ಮಾಡಲು ಹೋದವನನ್ನು ಹುಡುಕಿ ಅಭ್ಯಾಸವಿರಲಿಲ್ಲ.

"ಸಿಮೆಂಟ್ ಸಾಹುಕಾರ ಏನಾದ್ರೂ..." ರೇಡಿಯೋ ಶುರು ಮಾಡಿದ.

"ಅವನನ್ನ ಬಿಡಿ."

ಈ ಜಾಗದಲ್ಲಿ ಆಸ್ಪತ್ರೆ ಕೆಡವಿ ಕಾರು ನಿಲ್ಲಿಸುವ ಕಟ್ಟಡ ಕಟ್ಟಬೇಕೆಂದು ಸಾಹುಕಾರ ಬಹಳ ವರ್ಷದಿಂದ ಬಾಯಿ ಬಿಟ್ಟುಕೊಂಡು ಕೂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಯಾರೂ ಕರೆಯದೆ ಠಾಣೆಗೆ ಬಂದು "ನಾನಲ್ಲ" ಎಂದೂ ಹೇಳಿಹೋಗಿದ್ದ. ಆದರೆ ಪ್ರವಾಹದ ಆ ಮಧ್ಯಾಹ್ನ ಅವನು ಪೇಟೆ ಬೀದಿಯಲ್ಲಿ ಮುಳುಗುತ್ತಿದ್ದ ತನ್ನದೇ ಕಾರಿನ ಮೇಲೆ ಹತ್ತಿ ಕೂತು ಕಿರುಚುತ್ತಿದ್ದದ್ದನ್ನು ಇಡೀ ಬೀದಿ ಮಹಡಿ ಮೇಲಿಂದ ನೋಡಿ, ಫೋಟೋ ತೆಗೆದು, ನಕ್ಕಿತ್ತು. ಅಷ್ಟು ಗಟ್ಟಿ ಸಾಕ್ಷಿ ದೇವರಿಗೂ ಸಿಗುವುದಿಲ್ಲ.

ನಿಧಾನಿ ಕೆಳ ಹಲಗೆಯ ಅಂಚಿನ ಮೇಲೆ ಬೆರಳಾಡಿಸಿದಳು. ಚೂಪಾದ ಮೂಲೆಯಲ್ಲಿ ಒಂದು ಎಳೆ ಸಿಕ್ಕಿಕೊಂಡಿತ್ತು. ಬಿಳಿ ದಾರ, ಅದಕ್ಕೆ ಸುತ್ತಿಕೊಂಡ ಒಂದು ನೀಲಿ ದಾರ.

"ಓ, ಆ ಬಟ್ಟೇದು," ಎಂದ ರೇಡಿಯೋ.

"ಯಾವ ಬಟ್ಟೆ?"

"ಸಂದಿಯಲ್ಲಿ ತುರುಕಿದ್ರಲ್ಲ ಮೇಡಂ, ಅದು. ಮಾಮನ್ನ ಹೊರಗೆ ತೆಗೀತಿದ್ವಲ್ಲ, ಆವತ್ತು ಬೆಳಿಗ್ಗೆ ಇಂಜಿನಿಯರು ಅದನ್ನ ಎಳೆದುಕೊಂಡು ಜೇಬಿಗೆ ಹಾಕ್ಕೊಂಡ್ರು. ಕೈ ಒರೆಸೋ ಬಟ್ಟೆ ಅಂದ್ಕೊಂಡೆ."

ನಿಧಾನಿ ನಿಧಾನವಾಗಿ ಎದ್ದು ನಿಂತಳು.

"ಇದನ್ನ ಈಗ ಹೇಳ್ತಿದ್ದೀರಾ?"

"ನೀವೇ ತಾನೇ ಮಾತು ಕಮ್ಮಿ ಮಾಡಿ ಅಂದಿದ್ದು," ಎಂದ ರೇಡಿಯೋ, ಮುಖ ಸಪ್ಪಗೆ ಮಾಡಿಕೊಂಡು.

ಹೊರಡುವ ಮುಂಚೆ ಅವಳು ಒಮ್ಮೆ ಒಳಗೆ ಹೋದಳು. ಮುಂದಿನ ಹಾಲಿನ ನೆಲದ ಮೇಲೆ ಕೆಸರು ಒಣಗಿ ಬಿರಿದಿತ್ತು. ಹಿಂದಿನ ವಾರ್ಡಿನಲ್ಲಿ ಗೋಡೆಯಿದ್ದ ಕಡೆ ಆಕಾಶವಿತ್ತು. ಇಟ್ಟಿಗೆಯ ರಾಶಿಯ ಪಕ್ಕದಲ್ಲಿ ಒಂದು ತೊಟ್ಟಿಲು, ಎಣ್ಣೆಬಣ್ಣದ ಕಬ್ಬಿಣದ ತೊಟ್ಟಿಲು, ಮಗುಚಿ ಬಿದ್ದಿತ್ತು. ಅದನ್ನು ಎತ್ತಿ ನಿಲ್ಲಿಸಿದಳು. ಯಾಕೆ ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

ಈ ಊರಿನಲ್ಲಿ ನಡುವಯಸ್ಸು ದಾಟಿದವರೆಲ್ಲ ಕಣ್ಣು ಬಿಟ್ಟದ್ದು ಈ ವಾರ್ಡಿನಲ್ಲೇ. ನಿಧಾನಿಯೂ ಹುಟ್ಟಿದ್ದು ಇಲ್ಲೇ. ಅವಳ ತಾಯಿ ತೀರಿಕೊಂಡದ್ದೂ ಇಲ್ಲೇ, ಅದೇ ದಿನ. ಹುಟ್ಟಿದ ಮಗು ಎಷ್ಟು ಹೊತ್ತಾದರೂ ಅಳಲಿಲ್ಲವಂತೆ. ಬೆನ್ನು ತಟ್ಟಿ ತಟ್ಟಿ ಕೊನೆಗೆ ಅಳಿಸಿದ ದಾದಿ "ಅಳೋಕೂ ನಿಧಾನ, ಇದೆಂಥ ನಿಧಾನಿ ಹುಟ್ಟಿತಪ್ಪ" ಎಂದರಂತೆ. ಹೆಸರು ಅಲ್ಲಿಂದ ಅಂಟಿಕೊಂಡಿತು. ಆ ದಾದಿಯೇ ದೊಡ್ಡಮ್ಮ, ಊರಿಗೆಲ್ಲ ದೊಡ್ಡಮ್ಮ. ಬೀಗದ ಮಾಮ ಅವರ ಒಬ್ಬನೇ ತಮ್ಮ.

ಮಾಮ ಸತ್ತಂದಿನಿಂದ ದೊಡ್ಡಮ್ಮ ಅತ್ತದ್ದನ್ನು ಯಾರೂ ನೋಡಿಲ್ಲ. ನಿಧಾನಿ ಸಿಕ್ಕಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: "ಇಷ್ಟು ಕಾಲ ಬೀಳದ ಗೋಡೆ ಈಗ ಯಾಕೆ ಬಿತ್ತೇ?"

*

ಹಳೇ ಕಟ್ಟಡಗಳನ್ನು ಕಾಪಾಡುವ ಕಚೇರಿಯ ಸೂರೇ ಸೋರುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ಒಂದು ಬಕೆಟ್, ಇಂಜಿನಿಯರನ ಕೋಣೆಯಲ್ಲಿ ಎರಡು. ಒಂದೊಂದಕ್ಕೂ ಒಂದೊಂದು ತಾಳ. ಊರಿಗೆ ಬುದ್ಧಿ ಹೇಳುವವರ ಮನೆ ಯಾವತ್ತೂ ಹೀಗೇ ಎಂದು ರೇಡಿಯೋ ಗೊಣಗಿದ. ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಿಧಾನಿ ಒಬ್ಬಳೇ ಒಳಗೆ ಹೋದಳು.

ಇಂಜಿನಿಯರು ಗಡ್ಡ ಬಿಟ್ಟಿದ್ದ. ಕಣ್ಣು ಒಳಕ್ಕೆ ಹೋಗಿತ್ತು. ಅವಳನ್ನು ನೋಡಿ ಎದ್ದು ಕುರ್ಚಿ ಎಳೆದುಕೊಟ್ಟ. ಟೀ ಹೇಳಲು ಹೋದ. ಅವಳು ಬೇಡವೆಂದಳು.

"ಆ ದಿನ ಮಧ್ಯಾಹ್ನ ನೀವು ಎಲ್ಲಿದ್ರಿ? ಇನ್ನೊಂದು ಸಲ ಹೇಳಿ."

"ಹೇಳಿದ್ದೀನಲ್ಲ ಮೇಡಂ. ಹೊಳೆಯ ಆ ಕಡೆ. ಗಡಿಯಾರದ ಗೋಪುರದ ಕೆಳಗೆ ನೀರು ನುಗ್ಗಿತ್ತು, ಪಂಪ್ ಹಾಕಿಸ್ತಿದ್ದೆ. ಮಾಮ ಹಲಗೆ ತೆಗೆದರು ಅಂತ ನಗರಸಭೆಯಿಂದ ಸುದ್ದಿ ಬಂತು. ಸದ್ಯ, ಸರಿಯಾಗಿ ಮಾಡಿದ್ದಾರೆ ಅಂದ್ಕೊಂಡೆ. ಅಷ್ಟೊತ್ತಿಗೆ ಸೇತುವೆ ಮುಳುಗಿತ್ತು. ಈ ಕಡೆ ಬರೋಕೆ ಆಗಲೇ ಇಲ್ಲ."

"ಮಾರನೇ ದಿನ ಬೆಳಿಗ್ಗೆ ಬಂದ್ರಿ."

"ಬೆಳಿಗ್ಗೆ ಬಂದೆ."

"ಬಂದು ಹಲಗೆ ಸಂದಿಯಿಂದ ಒಂದು ಬಟ್ಟೆ ತೆಗೆದ್ರಿ."

ಇಂಜಿನಿಯರು ತುಂಬುತ್ತಿದ್ದ ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

"ಯಾರು ಹೇಳಿದ್ದು?"

"ತೆಗೆದ್ರೋ ಇಲ್ವೋ?"

"ಮೇಡಂ, ದಯವಿಟ್ಟು. ಅದೊಂದು ಹಳೇ ಚಿಂದಿ."

"ಚಿಂದಿ ಆಗಿದ್ರೆ ಅಲ್ಲೇ ಎಸೀತಿದ್ರಿ. ಕೊಡಿ."

ಅವನು ಕಿಟಕಿಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ನಿಧಾನಿ ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸಿದವರು ಇಲಾಖೆಯಲ್ಲಿ ಇನ್ನೂ ಹುಟ್ಟಿಲ್ಲ. ಹೊಡೆದು ಬಾಯಿ ಬಿಡಿಸುವವರು ಅರ್ಧ ದಿನ ಒದ್ದಾಡುವ ಕಡೆ ಅವಳು ಕೈಕಟ್ಟಿ ಸುಮ್ಮನೆ ಕೂರುತ್ತಿದ್ದಳು. ಎದುರಿನವನಿಗೆ ತನ್ನ ಮೌನವೇ ಕಚ್ಚತೊಡಗುತ್ತಿತ್ತು.

ಕೊನೆಗೆ ಅವನು ಮೇಜಿನ ಕೆಳಗಿನ ಡ್ರಾಯರ್ ಎಳೆದು ಒಂದು ಬಟ್ಟೆ ಹೊರತೆಗೆದ. ಬಿಳಿಯ ದಪ್ಪ ಹತ್ತಿ ಬಟ್ಟೆ, ಅಂಚಿಗೆ ನೀಲಿ ಗೀರು.

"ಒಗೆದಿದ್ದೀರಿ," ಎಂದಳು.

"ಕೆಸರಾಗಿತ್ತು."

"ಸಾಕ್ಷಿನ ಯಾರಾದ್ರೂ ಒಗೀತಾರಾ?"

"ಅದು ಸಾಕ್ಷಿ ಆಗಬಾರದು ಅಂತಲೇ ತಂದದ್ದು ಮೇಡಂ." ಅವನ ದನಿ ಒಡೆಯಿತು. "ಯಾರದ್ದು ಅಂತ ನಿಮಗೆ ಗೊತ್ತಾಗ್ಲಿಲ್ವಾ? ನೋಡಿ, ಸಂದಿಯಲ್ಲಿ ಹೇಗಿತ್ತು ಅಂತ ತೋರಿಸ್ತೀನಿ."

ಬಟ್ಟೆಯನ್ನು ಮೇಜಿನ ಮೇಲೆ ಹಾಸಿದ. ಒಂದು ಮೂಲೆ ಒಳಕ್ಕೆ ಮಡಿಸಿ, ಎಡದ ತುದಿ ಬಲಕ್ಕೆ ಎಳೆದು, ಕೆಳಗಿನದನ್ನು ಮೇಲಕ್ಕೆ ತಂದು, ಉಳಿದ ತುದಿಯನ್ನು ಬಿಗಿಯಾಗಿ ಸುತ್ತಿ ಒಳಗೆ ಸಿಕ್ಕಿಸಿದ. ಮೇಲೆ ಅಗಲ, ಕೆಳಗೆ ಸಣ್ಣ, ಗಂಟಿಲ್ಲ, ಪಿನ್ನಿಲ್ಲ, ಎಳೆದರೂ ಬಿಚ್ಚುವುದಿಲ್ಲ. ಹಸುಗೂಸನ್ನು ಸುತ್ತಿ ತಾಯಿಯ ಕೈಗೆ ಕೊಡುವ ಮಡಿಕೆ.

ಈ ಊರಿನ ತಾಯಂದಿರೆಲ್ಲ ಆ ಮಡಿಕೆಯನ್ನು ಒಬ್ಬರಿಂದಲೇ ಕಲಿತದ್ದು. ನೀಲಿ ಗೀರಿನ ಆ ಬಟ್ಟೆ ಆಸ್ಪತ್ರೆಯ ದಾದಿಯರ ಏಪ್ರನ್ನಿನದು. ಕೆಲಸದಿಂದ ನಿವೃತ್ತರಾದ ಮೇಲೂ ದೊಡ್ಡಮ್ಮ ಆ ಏಪ್ರನ್ನುಗಳನ್ನು ಹರಿದು ಪಾತ್ರೆ ಒರೆಸಲು, ಜಗಲಿ ಒರೆಸಲು ಬಳಸುತ್ತಿದ್ದರು. ಏನು ಒರೆಸಿದರೂ ಮಡಿಸಿ ಇಡುತ್ತಿದ್ದದ್ದು ಹಾಗೇ, ಕೂಸಿನ ಹಾಗೆ.

ಒಂದು ಗಳಿಗೆ ನಿಧಾನಿ ಪೊಲೀಸಾಗಿರಲಿಲ್ಲ.

"ದೊಡ್ಡಮ್ಮ," ಎಂದಳು.

"ಹೂಂ ಮೇಡಂ. ತಮ್ಮನ್ನ ನೋಡೋಕೆ ಬಂದಿರಬೇಕು. ಬಾಗಿಲು ಬಾಯಿ ತೆರೆದಿದೆ, ನೀರು ಒಳಗೆ ಹೋಗ್ತಿದೆ. ಜೀವಮಾನ ಸವೆಸಿದ ಜಾಗ ಅದು. ನೋಡ್ತಾ ನಿಲ್ಲೋಕೆ ಆಗುತ್ತಾ? ಹಲಗೆ ಹಾಕಿದ್ದಾರೆ. ಸೋರ್ತಿದೆ ಅಂತ ಬಟ್ಟೆ ತುರುಕಿದ್ದಾರೆ. ಒಳಗೆ ಹಿಂದಿನ ವಾರ್ಡಲ್ಲಿ ಒಂದೊಂದೇ ಬಾಗಿಲು ತೆಗೀತಾ ತಮ್ಮ ಇದ್ದಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

ಅವನು ಮುಖ ಮುಚ್ಚಿಕೊಂಡ.

"ತಪ್ಪು ನನ್ನದು," ಎಂದ ಅವನು. "ನಿಯಮಾನ ಊರಿಗೆಲ್ಲ ಹೇಳಬೇಕಿತ್ತು. ಹಲಗೆಗೆ ಅಷ್ಟು ಖರ್ಚು ಮಾಡಿಸಿ, ಈಗ ಅದನ್ನ ತೆಗೀಬೇಕು ಅಂದ್ರೆ ಜನ ನಗ್ತಾರೆ ಅಂತ ಸುಮ್ಮನಿದ್ದೆ. ನನ್ನ ಮೇಲೆ ಬರೀರಿ ಮೇಡಂ. ಹಲಗೆ ಹಾಕಿದ್ದು ನಾನೇ ಅಂತ ಬೇಕಾದ್ರೂ ಬರೀರಿ, ಸಹಿ ಹಾಕ್ತೀನಿ. ದೊಡ್ಡಮ್ಮನಿಗೆ ಮಾತ್ರ ಗೊತ್ತಾಗೋದು ಬೇಡ. ಒಬ್ಬನೇ ತಮ್ಮ. ತನ್ನ ಕೈಯಿಂದಲೇ ಆಯ್ತು ಅಂತ ತಿಳಿದ್ರೆ ಆ ಜೀವ ಉಳಿಯಲ್ಲ."

ಇಂಥ ಮನುಷ್ಯನ ಮೇಲೆ ಅನುಮಾನ ಪಟ್ಟೆನಲ್ಲ ಎಂದು ನಿಧಾನಿಗೆ ನಾಚಿಕೆಯಾಯಿತು. ಆದರೂ ಕಸುಬು ಕಸುಬೇ. ಏಳುವಾಗ ಒಂದು ಮಾತು ಕೇಳಿದಳು.

"ಆಸ್ಪತ್ರೆ ಕಟ್ಟಡದ ಬಗ್ಗೆ ನಗರಸಭೆ ಸಭೆ ಇದೆಯಲ್ಲ. ಅಲ್ಲಿ ಮಾಮ ಏನೋ ಹೇಳಬೇಕು ಅಂತಿದ್ರಂತೆ."

"ಏನು ಹೇಳೋರಿದ್ರೋ, ನನಗಂತೂ ಹೇಳ್ಲಿಲ್ಲ," ಎಂದ ಇಂಜಿನಿಯರು. ಬಟ್ಟೆಯನ್ನು ಎತ್ತಿ ಅವಳ ಕೈಗಿಟ್ಟ. "ದಿನಾ ಸಂಜೆ ದೊಡ್ಡಮ್ಮನ ಮನೆಗೆ ಹೋಗಿಬರ್ತೀನಿ ಮೇಡಂ. ಔಷಧಿ, ಸಾಮಾನು, ಏನಾದ್ರೂ ಬೇಕಿರುತ್ತೆ. ನಾನು ಇನ್ನೇನು ಮಾಡೋಕಾಗುತ್ತೆ?"

*

"ಹೇಳಬೇಡಿ ಮೇಡಂ," ಎಂದ ರೇಡಿಯೋ, ವಿಷಯ ಕೇಳಿದ ಮೇಲೆ. ಮಳೆ ಹಿಡಿದಿತ್ತು. ಇಬ್ಬರೂ ಒಂದೇ ಕೊಡೆಯಡಿ ಏರುದಾರಿ ಹತ್ತುತ್ತಿದ್ದರು. "ಸತ್ತವನು ಎದ್ದು ಬರ್ತಾನಾ? ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಪ್ರಕೃತಿ ವಿಕೋಪ ಅಂತ ಬರೆದು ಮುಗಿಸೋಣ. ಮಳೆ ಮೇಲೆ ಕೇಸು ಹಾಕೋಕಾಗಲ್ಲವಲ್ಲ."

"ನೀವಾಗಿದ್ರೆ ಹೇಳ್ತಿರ್ಲಿಲ್ವಾ?"

ರೇಡಿಯೋ ಕೊಡೆಯನ್ನು ಪೂರ್ತಿ ಅವಳ ಕಡೆಗೆ ವಾಲಿಸಿ ತಾನು ನೆನೆಯುತ್ತ ನಡೆದ.

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಆ ಮುದಿಜೀವದ ಕುತ್ತಿಗೆ ಹಿಸುಕಿದ ಹಾಗೆ. ಹೇಳದಿದ್ದರೆ, ಗೋಡೆ ಯಾಕೆ ಬಿತ್ತು ಎಂದು ದಿನವೂ ಕೇಳುವ ಮುಖದ ಎದುರು ದಿನವೂ ಸುಳ್ಳಾಡಬೇಕು. ಅದೂ ಯಾರ ಎದುರು?

ನಿಧಾನಿ ಚಿಕ್ಕವಳಿದ್ದಾಗ, ಅಮ್ಮ ಎಲ್ಲಿ ಎಂದು ಕೇಳಿದರೆ ಅಜ್ಜಿ, ಅಪ್ಪ, ಅತ್ತೆ ಎಲ್ಲರದೂ ಒಂದೇ ಮಾತು: ದೂರದ ಊರಿಗೆ ಹೋಗಿದ್ದಾಳೆ. ಯಾವಾಗ ಬರುತ್ತಾಳೆ ಎಂದರೆ ಮಾತು ತಿರುಗಿಸುತ್ತಿದ್ದರು. ಅವಳು ದಿನಾ ಬಾಗಿಲಲ್ಲಿ ಕಾಯುತ್ತಿದ್ದಳು. ದೊಡ್ಡಮ್ಮ ಒಬ್ಬರೇ ಒಂದು ದಿನ ಅವಳನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಕೈ ಹಿಡಿದುಕೊಂಡು, ನಡೆದದ್ದನ್ನು ನಡೆದ ಹಾಗೇ ಹೇಳಿದರು. ಅವಳು ಅತ್ತು ಅತ್ತು ಅವರ ಮಡಿಲಲ್ಲೇ ನಿದ್ದೆಹೋದಳು. ಮನೆಯವರು ಜಗಳಕ್ಕೆ ಬಂದರು. "ಸುಳ್ಳು ಹೇಳಿ ಮಲಗಿಸಿದ ಮಗು ಮತ್ತೆ ಎದ್ದು ಅಳುತ್ತೆ" ಎಂದರಂತೆ ದೊಡ್ಡಮ್ಮ. ಆಮೇಲೆ ಅವಳು ಬಾಗಿಲಲ್ಲಿ ಕಾಯುವುದನ್ನು ಬಿಟ್ಟಳು.

ಏರು ಮುಗಿಯುವ ಹೊತ್ತಿಗೆ ಅವಳ ಮನಸ್ಸು ಗಟ್ಟಿಯಾಗಿತ್ತು.

*

ದೊಡ್ಡಮ್ಮನದು ಒಂದೇ ಕೋಣೆಯ ಮನೆ. ಮಂಚ, ಸ್ಟೌವು, ಗೋಡೆಗೆ ಆನಿಸಿದ ಕಪಾಟು. ಸಂಜೆಯ ಮಂಕು ಬೆಳಕು ಕಿಟಕಿಯಿಂದ ಬರುತ್ತಿತ್ತು. ಮಂಚದ ಮೇಲೆ ತಮ್ಮನ ಅಂಗಿ ಪ್ಯಾಂಟುಗಳ ರಾಶಿ. ಒಗೆದು ಒಣಗಿಸಿದ್ದನ್ನು ಅವರು ಒಂದೊಂದಾಗಿ ಮಡಿಸುತ್ತಿದ್ದರು.

"ಬಾರೇ ನಿಧಾನಿ. ನೆಂದಿದ್ದೀಯ, ತಲೆ ಒರೆಸ್ಕೋ. ನಿನ್ನ ರೇಡಿಯೋ ಎಲ್ಲಿ?"

"ಹೊರಗೆ ನಿಂತಿದ್ದಾರೆ ದೊಡ್ಡಮ್ಮ. ಬೀದಿ ಕೊನೇಲಿ."

"ಅಂದ್ರೆ ಏನೋ ದೊಡ್ಡ ವಿಷಯಾನೇ." ಅವರು ಅಂಗಿಯ ತೋಳು ಸರಿಮಾಡಿದರು. "ಗೋಡೆ ಯಾಕೆ ಬಿತ್ತು ಅಂತ ಗೊತ್ತಾಯ್ತಾ?"

ನಿಧಾನಿ ಬಟ್ಟೆಯನ್ನು ಹೊರತೆಗೆದು ಮಂಚದ ಮೇಲಿಟ್ಟಳು.

ದೊಡ್ಡಮ್ಮ ಅದನ್ನು ನೋಡಿದರು. ಮುಖದಲ್ಲಿ ಗಾಬರಿಯಿಲ್ಲ, ಸಣ್ಣ ನಾಚಿಕೆ ಮಾತ್ರ. ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ ಕಣ್ಣು ತಗ್ಗಿಸಿದರು.

"ಸಿಕ್ಕಿಬಿಡ್ತಾ? ನಂದೇ ಕಣೇ. ಹಲಗೆ ಹಾಕಿದ್ದು ನಾನೇ. ನಿನ್ನ ಹತ್ರ ಬಚ್ಚಿಟ್ಟೆ, ಬೇಜಾರು ಮಾಡ್ಕೋಬೇಡ. ತಮ್ಮನ ಮರ್ಯಾದೆ ನೋಡು. ಅಂಥ ಮಳೇಲಿ ಹಲಗೆ ತೆಗೆದಿಟ್ಟು ಎಲ್ಲೋ ಹೋಗಿದ್ದ, ಬೇಜವಾಬ್ದಾರಿ ಅಂತ ಊರವರು ಆಡ್ಕೋತಾರೆ. ಬದುಕಿದ್ದಾಗ ಒಂದು ದಿನ ಒಂದು ಬೀಗ ಹಾಕೋಕೆ ಮರೆತವನಲ್ಲ ಅವನು. ಸತ್ತ ಮೇಲೆ ಯಾಕೆ ಆ ಹೆಸರು ಅಂತ ಬಾಯಿಗೆ ಬೀಗ ಹಾಕ್ಕೊಂಡೆ."

ನಿಧಾನಿ ಅವರ ಪಕ್ಕದಲ್ಲಿ ಕೂತಳು. ಅವರ ಕೈ ಹಿಡಿದುಕೊಂಡಳು. ಬೆರಳುಗಳು ತಣ್ಣಗಿದ್ದವು.

"ದೊಡ್ಡಮ್ಮ, ಮಾಮ ಮರೆತಿರಲಿಲ್ಲ. ಬೇಕಂತಲೇ ತೆಗೆದಿದ್ರು. ಹಾಗೇ ತೆಗೀಬೇಕಿತ್ತು." ಉಸಿರು ಎಳೆದುಕೊಂಡಳು. "ಆ ಹಲಗೆ ಮತ್ತೆ ಹಾಕಬಾರದಿತ್ತು."

"ನಂಗೂ ಹಾಗೇ ಅನಿಸಿತ್ತು ಕಣೇ."

"ಏನು?"

"ಅವನು ತೆಗೆದಿಟ್ಟಿದ್ದಾನೆ ಅಂದ್ರೆ ಏನೋ ಕಾರಣ ಇರಬೇಕು, ಮುಟ್ಟೋದು ಬೇಡ ಅಂತಲೇ ನಿಂತಿದ್ದೆ. ಅವನಿಗೆ ಒಣ ಬಟ್ಟೆ ಕೊಡೋಕೆ ಹೋಗಿದ್ದು ನಾನು. ಕೂಗಿದೆ. ಆ ಮಳೆ ಸದ್ದಲ್ಲಿ ನನ್ನ ದನಿ ನನಗೇ ಕೇಳಿಸ್ಲಿಲ್ಲ. ಒಳಗೆ ಹೋಗಿ ನೋಡೋಣ ಅಂತ ಹೊಸ್ತಿಲು ದಾಟ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಬಂದು ತಡೆದ. ಬೇಡ ದೊಡ್ಡಮ್ಮ, ಒಳಗೆ ಯಾರೂ ಇಲ್ಲ, ಮಾಮನ್ನ ಮೇಲಿನ ದಾರಿಯಿಂದ ಮನೆಗೆ ಕಳಿಸಿದೆ, ಬನ್ನಿ, ಹಲಗೆ ಹಾಕೋಣ ಅಂದ."

ನಿಧಾನಿಯ ಕೈ ಅವರ ಕೈಯ ಮೇಲೆ ಬಿಗಿಯಾಯಿತು.

"ಯಾರು ದೊಡ್ಡಮ್ಮ?"

"ಇನ್ಯಾರು, ನಮ್ಮ ಇಂಜಿನಿಯರು. ಪಾಪ, ಆ ನೀರಲ್ಲಿ ನಿಂತ್ಕೊಂಡು ಒಂದೊಂದೇ ಹಲಗೆ ಎತ್ತಿ ನನ್ನ ಕೈಗೆ ಕೊಟ್ಟ. ಬೆಣೆ ಬಡಿದಿದ್ದೂ ಅವನೇ, ನನ್ನ ಕೈಲಿ ಅಷ್ಟು ಶಕ್ತಿ ಎಲ್ಲಿದೆ? ಅವನು ಹೋದ ಮೇಲೆ ಸಂದಿಯಲ್ಲಿ ನೀರು ಸೋರ್ತಿತ್ತು, ಬಟ್ಟೆ ತುರುಕಿದೆ. ಆಮೇಲೆ ಮನೆಗೆ ಬಂದು ತಮ್ಮ ಬರ್ತಾನೆ ಅಂತ ಬಿಸಿನೀರು ಕಾಯಿಸಿಟ್ಟೆ. ಆರಿಹೋಯ್ತು, ಮತ್ತೆ ಕಾಯಿಸಿದೆ."

ಅವರು ಮಡಿಸಿದ ಅಂಗಿಯನ್ನೇ ಮತ್ತೆ ಬಿಚ್ಚಿ ಮತ್ತೆ ಮಡಿಸಿದರು.

"ಮಾರನೇ ದಿನ ಇಂಜಿನಿಯರು ಬಂದು ಅತ್ತ ಕಣೇ. ಮಾಮ ನನಗೆ ತಿಳೀದ ಹಾಗೆ ಹಿಂದಿನಿಂದ ಮತ್ತೆ ಒಳಗೆ ಹೋಗಿದ್ದಾರೆ ಅಂದ. ನಾನು ಅಲ್ಲಿಗೆ ಬಂದಿದ್ದು ಯಾರಿಗೂ ಹೇಳಬೇಡಿ, ಹೇಳಿದ್ರೆ ಮಾಮ ಹಲಗೆ ತೆಗೆದು ಹೋಗಿದ್ದೂ ಹೊರಗೆ ಬರುತ್ತೆ ಅಂದ. ಒಳ್ಳೇ ಮನುಷ್ಯ. ದಿನಾ ಬರ್ತಾನೆ."

ಮುಳುಗಿದ ಸೇತುವೆ ಮತ್ತು ಗಡಿಯಾರದ ಗೋಪುರದ ಮಾತೆಲ್ಲ ನಿಧಾನಿಯ ಕಿವಿಯಲ್ಲಿ ಮತ್ತೆ ಕೇಳಿಸಿತು. ಈ ಕಡೆ ಬರಲು ಆಗಲೇ ಇಲ್ಲ ಎಂದಿದ್ದ. ನಿಯಮ ಗೊತ್ತಿದ್ದ ಇಬ್ಬರಲ್ಲಿ ಒಬ್ಬ ಒಳಗಿದ್ದ. ಇನ್ನೊಬ್ಬ ಹೊರಗೆ ನಿಂತು, ಒಳಗಿದ್ದವನ ಅಕ್ಕನ ಕೈಯಿಂದಲೇ ಬಾಗಿಲು ಮುಚ್ಚಿಸಿದ. ಅವಳಿಗೆ 'ಯಾಕೆ' ಎನ್ನುವುದು ಹೊಳೆಯಲಿಲ್ಲ.

ದೊಡ್ಡಮ್ಮ ಅವಳ ಮುಖವನ್ನೇ ನೋಡುತ್ತಿದ್ದರು. ಬಾಯಿಬಿಟ್ಟು ಹೇಳಲಾರದ ನೋವನ್ನು ಮುಖ ನೋಡಿ ತಿಳಿಯುವುದೇ ಜೀವಮಾನವಿಡೀ ಅವರ ಕೆಲಸವಾಗಿತ್ತು. ಅವರು ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟರು.

"ಏನೋ ಇದೆ," ಎಂದರು. "ಹಾಕಬಾರದಿತ್ತು ಅಂದ್ಯಲ್ಲ. ಹಾಕಿದ್ರೆ ಏನಾಗುತ್ತೆ?"

ಹೊರಗೆ ಕೊಡೆ ಕೊಡವಿದ ಸದ್ದಾಯಿತು. ಯಾರೋ ಚಪ್ಪಲಿಯ ಕೆಸರನ್ನು ಮೆಟ್ಟಿಲಿಗೆ ಉಜ್ಜಿದರು. ಬಾಗಿಲ ಮೇಲೆ ಮೆತ್ತಗೆ ಬೆರಳು ತಟ್ಟಿತು.

"ದೊಡ್ಡಮ್ಮ, ಇದ್ದೀರಾ? ನಾನು. ಔಷಧಿ ತಂದಿದ್ದೀನಿ."

ನಿಧಾನಿ ಏಳಲು ಹೋದಳು. ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದು ಕೂರಿಸಿದರು. ಆ ಮುದಿ ಕೈಯಲ್ಲಿ ಅಷ್ಟು ಬಲವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಬಾಗಿಲು ತೆಗೀಬೇಡ," ಎಂದರು ದೊಡ್ಡಮ್ಮ, ದನಿ ತಗ್ಗಿಸಿ. "ಮೊದಲು ನೀನು ಹೇಳು. ನನ್ನ ತಮ್ಮನ್ನ ಕೊಂದಿದ್ದು ಗೋಡೆನಾ, ನಾನಾ?"